ಅಂಚೆಗೆ ಬೀಳದ ಮತ

ಮಾರ್ಚ್ 3, ಸೋಮವಾರ

ಇವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಇಂದಿಗೆ ಒಂಬತ್ತು ದಿನ. ಬಚ್ಚಲಲ್ಲಿ ಜಾರಿ ಮುರಿದುಕೊಂಡ ಸೊಂಟದ ಮೂಳೆಗೆ ಉಕ್ಕಿನ ಸರಳು ಹಾಕಿದ್ದಾರೆ. ಅದು ಕೂಡಿಕೊಳ್ಳುವವರೆಗೆ, ಅಂದರೆ ಏಪ್ರಿಲ್ ಅರ್ಧ ಕಳೆಯುವವರೆಗೆ, ಮೆಟ್ಟಿಲ ಮುಖ ನೋಡಬಾರದಂತೆ. ನಾವಿರುವುದು ಎರಡನೆಯ ಮಹಡಿ. ಮೂವತ್ತೆರಡು ಮೆಟ್ಟಿಲು, ಎಣಿಸಿದ್ದೇನೆ.

ಮೂವತ್ತನಾಲ್ಕು ವರ್ಷ ಟಪಾಲು ವಿಂಗಡಿಸುವ ಕೋಣೆಯಲ್ಲಿ ದಿನದ ಕೊನೆಗೆ ರಿಜಿಸ್ಟರು ಬರೆದವನು ನಾನು. ನಿವೃತ್ತನಾಗಿ ವರ್ಷವಾದರೂ ಬರೆಯದಿದ್ದರೆ ಕೈ ತುರಿಸುತ್ತದೆ. ಅದಕ್ಕೇ ಈ ಪುಸ್ತಕ. ಬೇರೆ ಯಾರೂ ಓದುವುದಕ್ಕಲ್ಲ.

ಇಂದಿನ ಮುಖ್ಯ ಕೆಲಸವೆಂದರೆ ಇವಳಿಗೆ ಅಂಚೆ ಮತಕ್ಕೆ ಅರ್ಜಿ ಹಾಕಿದ್ದು. ಮೂವತ್ತನೆಯ ತಾರೀಖು ನಗರಸಭೆಯ ಚುನಾವಣೆ. ನಮ್ಮ ವಾರ್ಡಿನಿಂದ ಮೇಷ್ಟ್ರು ನಿಂತಿದ್ದಾರೆ. ಇಪ್ಪತ್ತು ವರ್ಷದಿಂದ ಸಂಜೆ ನನ್ನ ಜೊತೆ ಚದುರಂಗ ಆಡುವವರು. ನಾನು ಅವರ ಏಜೆಂಟು. ಎದುರಾಳಿ ಶಾಲೆಯ ಮಕ್ಕಳ ವ್ಯಾನು ಓಡಿಸುವ ಹೆಂಗಸು. ಎಲ್ಲರೂ ಅವಳನ್ನು ವ್ಯಾನಕ್ಕ ಎನ್ನುತ್ತಾರೆ. ಪೈಪೋಟಿ ಬಿಗಿಯಾಗಿದೆ. ಹೀಗಿರುವಾಗ ಮನೆಯ ಎರಡು ಮತದಲ್ಲಿ ಒಂದು ಹಾಸಿಗೆ ಹಿಡಿದು ಮಲಗಿಬಿಟ್ಟರೆ ಹೇಗೆ?

ಅರ್ಜಿ ಪೂರ್ತಿ ನಾನೇ ತುಂಬಿದೆ. ಕಾರಣ ಎಂಬಲ್ಲಿ 'ನಡೆಯಲು ಅಶಕ್ತೆ' ಎಂದು ದಪ್ಪಗೆ ಬರೆದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು.

"ಅಶಕ್ತೆ ಅನ್ನೋದನ್ನ ಸ್ವಲ್ಪ ಚಿಕ್ಕದಾಗಿ ಬರೀಬಾರ್ದಿತ್ತೇನ್ರೀ?" ಎಂದು ಸಹಿ ಮಾಡಿದಳು.

ಮಾರ್ಚ್ 10, ಸೋಮವಾರ

ಮತದ ಪೊಟ್ಟಣ ಬಂತು. ಒಂದು ಮತಪತ್ರ, ಒಂದು ಸಣ್ಣ ಲಕೋಟೆ, ಒಂದು ದೊಡ್ಡ ಲಕೋಟೆ, ನಾಲ್ಕು ಪುಟದ ಸೂಚನೆ. ಸೂಚನೆಗಳೆಂದರೆ ನನಗೆ ಹಸಿದವನಿಗೆ ಊಟ ಬಡಿಸಿದ ಹಾಗೆ. ಇವಳ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಜೋರಾಗಿ ಓದಿದೆ.

ನೀಲಿ ಅಥವಾ ಕಪ್ಪು ಶಾಯಿಯಲ್ಲಿ ಒಬ್ಬರ ಹೆಸರಿನ ಮುಂದೆ ಮಾತ್ರ ಗುರುತು ಹಾಕಬೇಕು. ಮತಪತ್ರದ ಮೇಲೆ ಹೆಸರಾಗಲಿ ಸಹಿಯಾಗಲಿ ಇರಕೂಡದು. ಅದನ್ನು ಸಣ್ಣ ಲಕೋಟೆಯಲ್ಲಿಟ್ಟು ಅಂಟಿಸಿ, ಆ ಲಕೋಟೆಯನ್ನು ದೊಡ್ಡದರೊಳಗೆ ಇಡಬೇಕು. ದೊಡ್ಡದರ ಹಿಂಬದಿಯಲ್ಲಿ, ಇದು ನಾನೇ ಹಾಕಿದ ಮತ ಎಂಬ ಘೋಷಣೆಗೆ ಸಾಕ್ಷಿಯ ಎದುರು ಸಹಿ ಮಾಡಬೇಕು. ಇಪ್ಪತ್ತೊಂಬತ್ತನೆಯ ತಾರೀಖು ಸಂಜೆ ಐದರೊಳಗೆ ಅದು ಚುನಾವಣಾ ಕಚೇರಿಯಲ್ಲಿರಬೇಕು. ಅಂಚೆಯ ಮುದ್ರೆ ಮೊದಲೇ ಬಿದ್ದಿತ್ತು ಎಂಬ ನೆಪ ನಡೆಯದು. ಸಣ್ಣ ಲಕೋಟೆ ಹರಿದಿದ್ದರೆ, ಬಿಚ್ಚಿ ಮತ್ತೆ ಅಂಟಿಸಿದಂತೆ ಕಂಡರೆ, ಆ ಮತ ಎಣಿಕೆಗೆ ಇಲ್ಲ.

"ಚೆನ್ನಾಗಿ ಮಾಡಿದ್ದಾರೆ. ಸಾಕ್ಷಿಗೆ ನಾನೇ ಇದ್ದೀನಲ್ಲ" ಎಂದೆ.

ಅವಳು ಕೈ ಚಾಚಿದಳು. "ಕೊಡಿ ಇಲ್ಲಿ, ನಾನೂ ಒಂದ್ಸಲ ನೋಡ್ತೀನಿ."

ನಿಧಾನವಾಗಿ ಓದುತ್ತ ಮೂರನೆಯ ಪುಟದಲ್ಲಿ ಬೆರಳಿಟ್ಟಳು. "ಅಭ್ಯರ್ಥಿ ಕಡೆ ಏಜೆಂಟು ಸಾಕ್ಷಿ ಆಗೋ ಹಾಗಿಲ್ವಂತೆ. ಗುರುತು ಹಾಕೋವಾಗ ಪಕ್ಕದಲ್ಲೂ ಇರೋ ಹಾಗಿಲ್ಲ."

"ಗಂಡನೂ ಇರೋ ಹಾಗಿಲ್ವಾ?"

"ಗಂಡ ಅಂತ ಬೇರೆ ಏನೂ ಬರೆದಿಲ್ಲ."

ಒಂದೇ ಮನೆಯವನಾದರೆ, ಅಂಟಿಸಿದ ಲಕೋಟೆಯನ್ನು ಅಂಚೆಗೆ ಹಾಕಿ ಬರಬಹುದಂತೆ. ಅಷ್ಟಾದರೂ ದಯೆ ತೋರಿಸಿದ್ದಾರೆ.

ಮಾರ್ಚ್ 13, ಗುರುವಾರ

ಮೂರು ದಿನವಾದರೂ ಇವಳು ಮತಪತ್ರಕ್ಕೆ ಕೈ ಹಚ್ಚಿಲ್ಲ. ಮೇಷ್ಟ್ರ ಕರಪತ್ರ ದಿಂಬಿನ ಪಕ್ಕದಲ್ಲಿಯೇ ಇದೆ. ಇಂದು ಬೆಳಿಗ್ಗೆ, "ವ್ಯಾನಕ್ಕಂದೂ ಒಂದು ತಂದ್ಕೊಡಿ" ಎಂದಳು.

"ಅದರಲ್ಲೇನಿದೆ ಓದೋಕೆ?"

"ಓದಿದ್ರೆ ಗೊತ್ತಾಗುತ್ತೆ."

ಎದುರಾಳಿಯ ಕರಪತ್ರ ಕೇಳಿ ತರಲು ನನಗೆ ಮುಖವಿಲ್ಲ. ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಹಾಕುವಾಕೆ ತಂದುಕೊಟ್ಟಳು. ಇವಳು ಎರಡನ್ನೂ ಎದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಪರೀಕ್ಷೆಗೆ ಓದುವ ಹಾಗೆ ಓದಿದಳು. ಮೇಷ್ಟ್ರ ಮೊದಲ ಭರವಸೆ ವೃತ್ತದಲ್ಲಿ ಗಡಿಯಾರದ ಗೋಪುರ. ವ್ಯಾನಕ್ಕನ ಮೊದಲ ಭರವಸೆ ಆರೋಗ್ಯ ಕೇಂದ್ರದ ಮೆಟ್ಟಿಲ ಪಕ್ಕ ಗಾಲಿಕುರ್ಚಿ ಹೋಗುವ ಇಳಿಜಾರು.

"ಬಿದ್ದ ದಿನ ಅಲ್ಲಿ ನನ್ನನ್ನ ಕುರ್ಚಿ ಸಮೇತ ಹನ್ನೊಂದು ಮೆಟ್ಟಿಲು ಹತ್ತಿಸಿದ್ರಲ್ಲ, ನೀವೆಲ್ಲಿದ್ರಿ?"

"ಹಿಂದೆ. ಕಾಗದಪತ್ರದ ಚೀಲ ಹಿಡ್ಕೊಂಡಿದ್ದೆ."

"ಹಾಗಾದ್ರೆ ನಿಮಗೆ ಕಂಡಿರಲ್ಲ. ಬಟ್ಟೆ ಮೊಣಕಾಲು ದಾಟಿ ಮೇಲಕ್ಕೆ ಹೋಗಿತ್ತು. ಬೀಳ್ತೀನಿ ಅಂತ ಎರಡೂ ಕೈಲಿ ಕುರ್ಚಿ ಹಿಡ್ಕೊಂಡಿದ್ದೆ, ಎಳ್ಕೊಳ್ಳೋದು ಹೇಗೆ? ಸಾಲಲ್ಲಿ ನಿಂತಿದ್ದೋರೆಲ್ಲ ನೋಡ್ತಿದ್ರು."

ನೋವಿನಲ್ಲಿ ನರಳುವವರನ್ನು ಯಾರು ಹಾಗೆ ನೋಡುತ್ತಾರೆ ಎಂದು ಸಮಾಧಾನ ಹೇಳಿದೆ. ಇಳಿಜಾರು ಬೇಕಾಗುವುದು ನಾಲ್ಕು ಜನಕ್ಕೆ, ಗಡಿಯಾರ ಇಡೀ ವಾರ್ಡಿಗೆ ಎಂಬುದನ್ನೂ ತಿಳಿಸಿದೆ.

"ಗಂಟೆ ಎಷ್ಟು ಅಂತ ಯಾರಿಗಾದ್ರೂ ಬೇಕಾದ್ರೆ ನಿಮ್ಮನ್ನ ಕೇಳ್ತಾರೆ ಬಿಡಿ" ಎಂದು ನಕ್ಕಳು.

ಮಾರ್ಚ್ 17, ಸೋಮವಾರ

ಇಂದು ಇವಳು ಮತ ಹಾಕಿದಳು. ಸಾಕ್ಷಿಗೆ ಹೊಲಿಗೆಯಾಕೆ ಬಂದಳು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು.

"ಅಣ್ಣಾ, ನೀವು ಸ್ವಲ್ಪ ಆಚೆ ಇರಿ. ಅಕ್ಕ ಗುರುತು ಹಾಕೋವರೆಗೂ ನಾನೂ ಗೋಡೆ ಕಡೆ ತಿರುಗಿ ನಿಂತಿರ್ತೀನಿ" ಎಂದಳು.

ಸ್ವಂತ ಮನೆಯಿಂದ ಹೊರಬಿದ್ದು ಮೆಟ್ಟಿಲ ಬಳಿ ನಿಂತೆ. ಮೂವತ್ತೊಂದು ವರ್ಷ ಪ್ರತಿ ಚುನಾವಣೆಯಲ್ಲೂ ಮತಗಟ್ಟೆಯ ಬಾಗಿಲವರೆಗೆ ಇವಳ ಜೊತೆ ಹೋಗಿದ್ದೇನೆ. 'ಮೇಲಿನಿಂದ ಮೂರನೇದು' ಎಂದೋ, 'ಕೊನೇದು' ಎಂದೋ ಹೇಳುತ್ತಿದ್ದೆ, ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಎರಡು ನಿಮಿಷದ ಕೆಲಸ. ಇಂದು ಹತ್ತೊಂಬತ್ತು ನಿಮಿಷ ಹಿಡಿಯಿತು.

ಒಳಗೆ ಕರೆದಾಗ ಎಲ್ಲ ಮುಗಿದಿತ್ತು. ಇಬ್ಬರ ಸಹಿಯೂ ಆಗಿ, ದೊಡ್ಡ ಲಕೋಟೆ ಅಂಟಿಸಿತ್ತು. ಇವಳ ಮುಖದಲ್ಲಿ ಆಸ್ಪತ್ರೆಯಿಂದ ಬಂದ ಮೇಲೆ ಕಾಣದಿದ್ದ ಕಳೆ.

"ಇವತ್ತೇ ಹಾಕ್ಬಿಡ್ರೀ, ಮರೀಬೇಡಿ."

"ಟಪಾಲಿನ ವಿಷಯ ನನಗೆ ಹೇಳ್ತೀಯಾ?"

ದಾರಿಯಲ್ಲಿ ಮೇಷ್ಟ್ರ ಕಚೇರಿಗೆ ಹೊಕ್ಕೆ. ಮುಚ್ಚಿದ ಸೈಕಲ್ ಅಂಗಡಿಯನ್ನು ಒಂದು ತಿಂಗಳಿಗೆ ಹಿಡಿದಿದ್ದೇವೆ. ಗೋಡೆಯ ಮೇಲೆ ವಾರ್ಡಿನ ಎಲ್ಲ ಮನೆಗಳ ಪಟ್ಟಿ. ಯಾವ ಮನೆ ನಮ್ಮದು, ಯಾವುದು ಅವರದು ಎಂದು ಪಕ್ಕದಲ್ಲಿ ಗುರುತು. ಮೇಷ್ಟ್ರು ಪೆನ್ಸಿಲಿನಿಂದ ನಮ್ಮ ಮನೆಯನ್ನು ತೋರಿಸಿ ಕೇಳಿದರು, "ಇಲ್ಲಿ ಎರಡೂ ಗಟ್ಟಿ ತಾನೆ?"

"ಗಟ್ಟಿ" ಎಂದೆ. ನಾಲಿಗೆ ಒಂದು ಕ್ಷಣ ತಡವರಿಸಿತು.

ಹೊರಗೆ ಬರುವಷ್ಟರಲ್ಲಿ ಮೂರೂವರೆ ದಾಟಿತ್ತು. ಡಬ್ಬದ ಟಪಾಲು ತೆಗೆದಾಗಿರುತ್ತದೆ. ನಾಳೆ ಹಾಕಿದರೂ ಒಂದೇ.

ಮಾರ್ಚ್ 18, ಮಂಗಳವಾರ

ಕರಪತ್ರ ಹಂಚುವುದರಲ್ಲಿ ದಿನ ಕಳೆಯಿತು. ಲಕೋಟೆ ಕೋಟಿನ ಒಳಜೇಬಿನಲ್ಲಿದೆ. ಇನ್ನೂ ಹನ್ನೊಂದು ದಿನ ಇದೆ.

"ಹಾಕಿದ್ರಾ?" ಎಂದು ಕೇಳಿದಳು. ಹ್ಞೂಂ ಎಂದೆ. ನಾಳೆ ಮಾಡುವ ಕೆಲಸವನ್ನು ಇಂದೇ ಹೇಳಿದರೆ ಅದೇನೂ ದೊಡ್ಡ ಸುಳ್ಳಲ್ಲ.

ಮಾರ್ಚ್ 19, ಬುಧವಾರ

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ನೋವಿನ ಮಾತ್ರೆ ನುಂಗಿ ಇವಳು ನಿದ್ದೆ ಹೋಗಿದ್ದಳು. ಟೀಗೆ ನೀರಿಟ್ಟಿದ್ದೆ. ಕೋಟು ಅಡುಗೆಮನೆಯ ಬಾಗಿಲ ಮೊಳೆಯಲ್ಲಿ ನೇತಾಡುತ್ತಿತ್ತು. ಕೆಟಲಿನ ಮೂತಿಯಿಂದ ಆವಿ ಬರತೊಡಗಿತು. ನನ್ನ ಕೈ ಅಷ್ಟು ನೆಟ್ಟಗೆ ಜೇಬಿಗೆ ಹೋದದ್ದು ನೋಡಿದರೆ, ಎರಡು ದಿನದಿಂದ ಅದು ಅದನ್ನೇ ಯೋಚಿಸುತ್ತಿದ್ದಿರಬೇಕು.

ಆವಿ ಹಿಡಿದು ಬಿಚ್ಚಿದ ಲಕೋಟೆಯನ್ನು ಪತ್ತೆ ಮಾಡುವುದು ಹೇಗೆಂದು ಕೆಲಸಕ್ಕೆ ಸೇರಿದ ಹೊಸಬರಿಗೆ ಪಾಠ ಹೇಳಿದವನು ನಾನು. ಮೂವತ್ತನಾಲ್ಕು ವರ್ಷದಲ್ಲಿ ಲಕ್ಷಾಂತರ ಕಾಗದ ಈ ಕೈಯಲ್ಲಿ ಹಾದುಹೋಗಿವೆ. ಪ್ರೇಮಪತ್ರ, ಸಾವಿನ ಸುದ್ದಿ, ಅಂಟು ಬಿಟ್ಟು ಬಾಯಿ ತೆರೆದು ಬಂದವು. ಒಂದರ ಒಳಗೂ ಇಣುಕಿದವನಲ್ಲ. ಇಂದು ಬೇಲಿಯೇ ಎದ್ದು ಹೊಲ ಮೇಯ್ದಿತು.

ದೊಡ್ಡ ಲಕೋಟೆ ಸಲೀಸಾಗಿ ಬಿಟ್ಟುಕೊಂಡಿತು. ಸಣ್ಣದರ ಅಂಟು ಬೇರೆ ಜಾತಿಯದು, ಆವಿಗೆ ಬಗ್ಗಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಉಗುರು ತೂರಿಸಿ ಎಳೆದೆ. ಮೂಲೆಯಿಂದ ಅರ್ಧದವರೆಗೆ ಹರಿಯಿತು.

ವ್ಯಾನಕ್ಕನ ಹೆಸರಿನ ಮುಂದೆ ಗುರುತು ಇತ್ತು. ಚೌಕದ ಗೆರೆಗೆ ಎಲ್ಲಿಯೂ ತಗಲದ ಹಾಗೆ, ನೀಲಿ ಶಾಯಿಯಲ್ಲಿ, ಎರಡು ಸಲ ತಿದ್ದಿ ಹಾಕಿದ ಗುರುತು.

ಮೊದಲು ಬಂದದ್ದು ಸಿಟ್ಟು. ಮೇಷ್ಟ್ರಿಗೆ ಗಟ್ಟಿ ಎಂದು ಹೇಳಿ ಬಂದಿದ್ದೆನಲ್ಲ. ಆಮೇಲೆ ಹರಿದ ಅಂಚು ಕಣ್ಣಿಗೆ ಬಿತ್ತು. ಸಣ್ಣ ಲಕೋಟೆ ಹರಿದರೆ ಮತ ಎಣಿಕೆಗೆ ಇಲ್ಲ ಎಂದು ನಾನೇ ಜೋರಾಗಿ ಓದಿ ಹೇಳಿದ್ದು ನೆನಪಾಯಿತು.

ಒಳಗಿನಿಂದ ಕರೆದಳು. "ಟೀ ಆಯ್ತೇನ್ರೀ?"

ಮಾರ್ಚ್ 20, ಗುರುವಾರ

ಬರೆಯುವಂಥದ್ದು ಏನೂ ಇಲ್ಲ.

ಮಾರ್ಚ್ 22, ಶನಿವಾರ

ಚುನಾವಣಾ ಕಚೇರಿಗೆ ಹೋಗಿದ್ದೆ. ಅಂಚೆ ಮತದ ಕಿಟಕಿಯಲ್ಲಿ ಚಿಕ್ಕ ವಯಸ್ಸಿನ ಗುಮಾಸ್ತೆ ಕೂತಿದ್ದಳು. ಪರಿಚಯದವರೊಬ್ಬರ ಲಕೋಟೆ ಹಾಳಾಗಿದೆ, ಏನು ಮಾಡಬೇಕು ಎಂದು ಕೇಳಿದೆ.

"ಹಾಳಾಗಿದ್ದನ್ನ ವಾಪಸ್ ಕೊಟ್ರೆ ಹೊಸದು ಕೊಡ್ತೀವಿ ಸಾರ್. ಮಂಗಳವಾರ ಸಂಜೆ ಐದು ಗಂಟೆ ಕೊನೆ. ಈ ಅರ್ಜಿಗೆ ಮತದಾರರೇ ಸಹಿ ಮಾಡ್ಬೇಕು. ಹೇಗೆ ಹಾಳಾಯ್ತು ಅಂತಾನೂ ಬರೀಬೇಕು."

"ಮನೆಯವರು ಬರೆದುಕೊಟ್ರೆ ಆಗಲ್ವಾ?"

"ಮತ ಅವರದಲ್ವಾ ಸಾರ್" ಎಂದಳು. ಅದರಲ್ಲಿ ಕುಹಕವೇನೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಕೋಟಿನ ಜೇಬು ಮುಟ್ಟಿಕೊಂಡೆ.

ಅರ್ಜಿ ತಂದಿದ್ದೇನೆ. ಇವಳ ಸಹಿ ನನಗೆ ಕಣ್ಣು ಮುಚ್ಚಿಯೂ ಬರುತ್ತದೆ. ಪೆನ್ನು ತೆಗೆದುಕೊಂಡೆ, ಇಟ್ಟೆ. ಅದೊಂದನ್ನು ಮಾಡಲಿಲ್ಲ ಎಂದು ಹೆಮ್ಮೆಪಡುವ ಸ್ಥಿತಿಗೆ ಬಂದಿದ್ದೇನೆ.

ಮಾರ್ಚ್ 25, ಮಂಗಳವಾರ

ಇಂದು ಹೇಳಲೇಬೇಕೆಂದು ಬೆಳಿಗ್ಗೆ ಗಟ್ಟಿಮಾಡಿಕೊಂಡಿದ್ದೆ.

ಹತ್ತು ಗಂಟೆಗೆ ವ್ಯಾಯಾಮ ಹೇಳಿಕೊಡುವವರು ಬಂದರು. ಇವಳು ಮೊದಲ ಸಲ ವಾಕರ್ ಹಿಡಿದು ಮಂಚದಿಂದ ಕಿಟಕಿಯವರೆಗೆ ನಡೆದಳು. ಒಂಬತ್ತು ಹೆಜ್ಜೆ. ಕಿಟಕಿಯ ಸರಳು ಹಿಡಿದು ನಿಂತು, ಬೀದಿಯನ್ನು ಯಾವುದೋ ಹೊಸ ಊರು ನೋಡುವ ಹಾಗೆ ನೋಡಿದಳು. ಅಷ್ಟು ಸಂತೋಷದಲ್ಲಿ ಹೇಗೆ ಹೇಳಲಿ? ಊಟದ ಮೇಲೆ ಹೇಳೋಣ ಎಂದುಕೊಂಡೆ. ಊಟದ ಮೇಲೆ ಸುಸ್ತಾಗಿ ಮಲಗಿದಳು. ಎದ್ದ ಮೇಲೆ ಹೇಳೋಣ ಎಂದುಕೊಂಡೆ. ನಾಲ್ಕು ಗಂಟೆಗೆ ಎದ್ದಳು. ಕಚೇರಿಗೆ ಬಸ್ಸಿನಲ್ಲಿ ಇಪ್ಪತ್ತೈದು ನಿಮಿಷ. ನಾಲ್ಕೂಕಾಲಿಗೆ ಬಾಯಿ ತೆರೆದೆ.

"ಏನು?" ಎಂದಳು.

"ದಿಂಬು ಸರಿ ಮಾಡ್ಲಾ?" ಎಂದೆ.

ಐದು ಹೊಡೆಯಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇನ್ನು ಹೇಳಿ ಪ್ರಯೋಜನವಿಲ್ಲ ಎಂಬ ಹಗುರ ಅದು. ಅಂಥ ಹಗುರ ಮನುಷ್ಯನಿಗೆ ಬರಬಾರದು.

ಮಾರ್ಚ್ 29, ಶನಿವಾರ

"ಇಷ್ಟೊತ್ತಿಗೆ ತಲುಪಿರುತ್ತಲ್ವಾ?" ಎಂದು ಕೇಳಿದಳು.

"ತಲುಪಿರುತ್ತೆ."

"ಐದು ಗಂಟೆ ಆದ್ಮೇಲೆ ಪೆಟ್ಟಿಗೆಗೆ ಮೊಹರು ಹಾಕ್ತಾರಂತೆ. ಸೂಚನೇಲಿತ್ತು."

ಸೂಚನೆಯ ನಾಲ್ಕು ಪುಟ ಇವಳಿಗೆ ಈಗ ಬಾಯಿಪಾಠ.

ಮಾರ್ಚ್ 31, ಸೋಮವಾರ

ಮೇಷ್ಟ್ರು ಗೆದ್ದರು. ಸೈಕಲ್ ಅಂಗಡಿಯ ಮುಂದೆ ಜನ ನನ್ನನ್ನೂ ಎತ್ತಿ ಕುಣಿಸಿದರು. ತಲೆನೋವು ಎಂದು ಹೇಳಿ ಬೇಗ ಮನೆಗೆ ಬಂದೆ.

ಕೇಕೆ ಇವಳಿಗೂ ಕೇಳಿಸಿತ್ತು. "ಎಷ್ಟರಲ್ಲಿ?"

"ಅರವತ್ತಮೂರು."

"ವ್ಯಾನಕ್ಕನಿಗೆ ಎಷ್ಟು ಬಿತ್ತು?"

"ಏಳ್ನೂರ ಹದಿನೆಂಟು."

ಸ್ವಲ್ಪ ಹೊತ್ತು ಬೆರಳಿಗೆ ಸೆರಗಿನ ಅಂಚು ಸುತ್ತುತ್ತ ಕೂತಳು. ಆಮೇಲೆ, ತಪ್ಪು ಮಾಡಿ ಸಿಕ್ಕಿಬೀಳದ ಮಗುವಿನ ಹಾಗೆ ನಕ್ಕಳು. "ಅದರಲ್ಲಿ ಒಂದು ನಂದು. ನೀವು ಗೆದ್ರಲ್ಲ, ಬೇಜಾರು ಮಾಡ್ಕೋಬೇಡಿ."

ನಾನು ಮುಖ ತಿರುಗಿಸಿ ಮಂಚದ ಅಂಚಿಗೆ ಕೂತೆ. ಸಿಟ್ಟು ಬಂದಿದೆ ಎಂದು ತಿಳಿದಳೋ ಏನೋ, ನನ್ನ ಕೈ ಮೇಲೆ ಕೈ ಇಟ್ಟಳು.

"ಮೂವತ್ತೊಂದು ವರ್ಷ ನೀವು ಬಾಗಿಲಲ್ಲಿ ಹೇಳಿ ಕಳಿಸಿದವರಿಗೇ ಹಾಕಿದ್ದೀನಿ. ನನಗೇನು ಗೊತ್ತಾಗುತ್ತೆ ಅಂತ ಇದ್ದೆ. ಇದೊಂದು ನಾನೇ ಓದಿ, ನಾನೇ ಯೋಚನೆ ಮಾಡಿ ಹಾಕಿದ್ದು. ಸೋತರೂ ಪರವಾಗಿಲ್ಲ ರೀ. ಏಳ್ನೂರ ಹದಿನೆಂಟರಲ್ಲಿ ಒಂದು ಅಂದ್ರೆ ಕಡಿಮೆ ಏನಲ್ಲ."

ಏಳುನೂರ ಹದಿನೆಂಟರಲ್ಲಿ ಅವಳದು ಇಲ್ಲ. ಅದು ನನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ, ಹಳೆಯ ಸಮವಸ್ತ್ರದ ಮಡಿಕೆಯ ಕೆಳಗಿದೆ.

ಏಪ್ರಿಲ್ 5, ಶನಿವಾರ

ಮೇಷ್ಟ್ರು ಚದುರಂಗದ ಮಣೆ ಹಿಡಿದು ಬಂದಿದ್ದರು. ಎಂಟು ನಡೆಯಲ್ಲಿ ಸೋತೆ. "ಎಲ್ಲಿದೆ ನಿಮ್ಮ ಗಮನ?" ಎಂದರು.

ಇವಳಿಗೆ ಅವರು ಕೃತಜ್ಞತೆ ಹೇಳಿದರು, ಮಲಗಿದಲ್ಲಿಂದಲೇ ಮತ ಹಾಕಿದ್ದಕ್ಕೆ. ಇವಳು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕು ಸುಮ್ಮನಾದಳು. ನಮ್ಮಿಬ್ಬರ ಗುಟ್ಟು ಎಂದು ತಿಳಿದಿದ್ದಾಳೆ.

ಏಪ್ರಿಲ್ 9, ಬುಧವಾರ

ಬೆಳಿಗ್ಗೆ ಹನ್ನೊಂದಕ್ಕೆ ಪೋಸ್ಟ್‌ಮನ್ ಮೆಟ್ಟಿಲಲ್ಲೇ ಸಿಕ್ಕಿ ಒಂದು ಕಾಗದ ಕೊಟ್ಟ. ಚುನಾವಣಾ ಕಚೇರಿಯದು. ಅವಳ ಹೆಸರಿಗೆ. ಒಳಗೇನಿದೆ ಎಂದು ಬಿಚ್ಚದೆಯೇ ಗೊತ್ತಿತ್ತು. ಜೇಬು ಇತ್ತು, ಒಲೆ ಇತ್ತು, ಕೇಳುವವರು ಯಾರೂ ಇರಲಿಲ್ಲ. ಇನ್ನೂ ಉಳಿದಿದ್ದ ಹದಿನಾರು ಮೆಟ್ಟಿಲು ಹತ್ತಿ, ಹಾಗೆಯೇ ತಂದು ಅವಳ ಕೈಗೆ ಕೊಟ್ಟೆ.

ಎರಡು ಸಲ ಓದಿದಳು.

"ನನ್ನ ಮತ ತಲುಪಲೇ ಇಲ್ಲ ಅಂತಿದೆ. ಕಾರಣ ತುಂಬಿ ಕಳಿಸಿ ಅಂತ ಒಂದು ನಮೂನೆ ಇಟ್ಟಿದ್ದಾರೆ." ಕನ್ನಡಕದ ಮೇಲಿನಿಂದ ನೋಡಿದಳು. "ನಿಮ್ಮ ಇಲಾಖೆಯವರು ಕಳೆದ್ರಾ?"

ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜನ ದಿನಾ ಬೈಯುವ ಇಲಾಖೆ, ಇನ್ನೊಂದು ಬೈಗುಳದಿಂದ ಸವೆಯುತ್ತಿರಲಿಲ್ಲ.

"ಅವರು ಕಳೀಲಿಲ್ಲ. ನಾನು ಹಾಕ್ಲಿಲ್ಲ."

"ಮರೆತ್ರಾ?"

"ಇಲ್ಲ. ಬಿಚ್ಚಿದೆ."

ಕೆಳಗೆ ಹೊಲಿಗೆ ಯಂತ್ರ ಒಂದು ಉದ್ದದ ಹೊಲಿಗೆ ಮುಗಿಸಿ ನಿಂತಿತು.

"ಯಾರಿಗೆ ಹಾಕಿದ್ದೀನಿ ಅಂತ ನೋಡೋಕಾ?"

"ಹ್ಞೂಂ."

"ಕೇಳಿದ್ರೆ ಹೇಳ್ತಿದ್ದೆನಲ್ರೀ."

ಇಪ್ಪತ್ತೆರಡನೆಯ ತಾರೀಖು ಅರ್ಜಿ ತಂದದ್ದು, ಇಪ್ಪತ್ತೈದರಂದು ಬಾಯಿ ತೆರೆದು ದಿಂಬಿನ ಮಾತಾಡಿದ್ದು, ಎಲ್ಲ ಹೇಳಿದೆ. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲ.

"ಅದೆಲ್ಲಿದೆ? ತನ್ನಿ" ಎಂದಳು.

ತಂದುಕೊಟ್ಟೆ. ಮತಪತ್ರ ಬಿಡಿಸಿ ತನ್ನ ಗುರುತನ್ನು ನೋಡಿದಳು. ಹರಿದ ಲಕೋಟೆಯ ಅಂಚನ್ನು ಬೆರಳಿನಿಂದ ಒತ್ತಿ ಕೂಡಿಸಿ ನೋಡಿದಳು. ಆಮೇಲೆ ಎರಡನ್ನೂ ತನ್ನ ದಿಂಬಿನ ಚೀಲದೊಳಗೆ ತೂರಿಸಿ ಗೋಡೆಯ ಕಡೆ ಮುಖ ಮಾಡಿದಳು. ಆ ಮಗ್ಗುಲಿಗೆ ತಿರುಗಿದರೆ ಅವಳಿಗೆ ನೋವಾಗುತ್ತದೆ. ಆದರೂ ತಿರುಗಿದಳು.

ಏಪ್ರಿಲ್ 10, ಗುರುವಾರ

ಮಾತಿಲ್ಲ.

ಏಪ್ರಿಲ್ 13, ಭಾನುವಾರ

ಬೇಕಾದಷ್ಟೇ ಮಾತು. ನೀರು, ಮಾತ್ರೆ, ಬಾಗಿಲು.

ಬೆಳಿಗ್ಗೆ ಟೀ ಮಾಡುವಾಗ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದೆ. "ಹಾಕ್ಬೇಡಿ. ನಾನು ಸಕ್ಕರೆ ಬಿಟ್ಟು ನಾಲ್ಕು ವರ್ಷ ಆಯ್ತು" ಎಂದಳು. ಅವಳು ಬಿದ್ದ ದಿನದಿಂದ ಟೀ ಮಾಡುತ್ತಿರುವವನು ನಾನು. ದಿನಕ್ಕೆರಡು ಲೋಟ, ಲೋಟಕ್ಕೆರಡು ಚಮಚ. ಸುಮ್ಮನೆ ಕುಡಿದಿದ್ದಾಳೆ.

ಸಂಜೆ ಮೇಷ್ಟ್ರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಏನನ್ನು ನಿರೀಕ್ಷಿಸಿದ್ದೆನೋ ತಿಳಿಯದು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಒಂದು ಮತ ತಾನೆ. ನಾವು ಗೆದ್ದಿರೋದು ಅರವತ್ತಮೂರರಲ್ಲಿ. ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

ಲೆಕ್ಕ ಸರಿ. ಆದರೆ ಅವರು ಹೂಡಿದ ಮಣೆಯ ಮುಂದೆ ನನಗೆ ಕೂರಲಾಗಲಿಲ್ಲ. ಎದ್ದು ಬಂದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ನನ್ನದು ಒಂದು ಕೆಟಲ್ ಆವಿಗೆ ಹೋಯಿತು.

ಏಪ್ರಿಲ್ 17, ಗುರುವಾರ

ಅವಳು ಮೇಜಿನ ಮುಂದೆ ಕೂತು ಆ ನಮೂನೆಯನ್ನು ಬಿಡಿಸಿದಳು. ಮತ ಯಾಕೆ ತಲುಪಲಿಲ್ಲ ಎಂಬುದನ್ನು ಒಂದು ತಿಂಗಳೊಳಗೆ ತಿಳಿಸದಿದ್ದರೆ ಅಂಚೆ ಮತದಾರರ ಪಟ್ಟಿಯಿಂದ ಹೆಸರು ತೆಗೆಯುತ್ತಾರಂತೆ. ತುಂಬಿಕೊಡಲಾ ಎಂದು ನಾನು ಕೇಳಲಿಲ್ಲ. ಕನ್ನಡಕ ತಂದುಕೊಟ್ಟು ದೂರ ನಿಂತೆ.

ಕಾರಣ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು.

"ಇದ್ದದ್ದನ್ನೇ ಬರಿ. ನಾನು ಬಿಚ್ಚಿದೆ ಅಂತ ಬರಿ. ಬೇಕಾದ್ರೆ ನಾನೇ ಆ ಕಚೇರಿಗೆ ಹೋಗಿ ಒಪ್ಕೋತೀನಿ" ಎಂದೆ.

"ಒಪ್ಕೊಂಡ್ರೆ ನಿಮ್ಮ ಮನಸ್ಸಿಗೆ ಹಗುರ ಆಗುತ್ತೆ ಅಂದ್ರೆ ಹೋಗಿ, ಬೇಡ ಅನ್ನಲ್ಲ. ನನ್ನದು ಅದರಿಂದ ವಾಪಸ್ ಬರಲ್ಲ."

ಬಗ್ಗಿ ಬರೆದಳು. ಮಡಚುವ ಮೊದಲು ನನಗೆ ಕಾಣುವಂತೆ ಹಿಡಿದಳು. ಕಾರಣ: ಮನೆಯಲ್ಲೇ ಉಳಿಯಿತು.

ಏಪ್ರಿಲ್ 18, ಶುಕ್ರವಾರ

ಚುನಾವಣಾ ಕಚೇರಿಗೆ ಹೋಗಿ, ಲಕೋಟೆ ಬಿಚ್ಚಿದವನು ನಾನೇ ಎಂದು ಬರೆದುಕೊಟ್ಟು ಬಂದೆ. ಅದೇ ಗುಮಾಸ್ತೆ. ಓದಿ ತಲೆಯೆತ್ತಿದಳು, ನನ್ನ ಗುರುತು ಹಿಡಿದಳು. ಮೇಲಿನವರಿಗೆ ಕಳಿಸುತ್ತೇವೆ, ಕರೆದಾಗ ಬರಬೇಕು ಎಂದಳು. ಈ ಸಲ ಸಾರ್ ಎನ್ನಲಿಲ್ಲ. ಹಗುರವೇನೂ ಆಗಲಿಲ್ಲ.

ಏಪ್ರಿಲ್ 24, ಗುರುವಾರ

ಮೆಟ್ಟಿಲಿಳಿಯಲು ಡಾಕ್ಟರು ನಿನ್ನೆ ಒಪ್ಪಿಗೆ ಕೊಟ್ಟರು. ಇಂದು ಊಟವಾದ ಮೇಲೆ ಅವಳು ನಮೂನೆಯ ಲಕೋಟೆಯನ್ನು ರವಿಕೆಯೊಳಗೆ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು.

"ಕೊಡು, ಹಾಕಿ ಬರ್ತೀನಿ" ಎಂಬ ಮಾತು ಗಂಟಲವರೆಗೆ ಬಂತು. ನುಂಗಿದೆ. "ನಾನು ಜೊತೆಗೆ ಬರ್ಲಾ?" ಎಂದು ಕೇಳಿದೆ.

"ಬನ್ನಿ. ಊರುಗೋಲು ಬಿದ್ರೆ ಎತ್ತಿಕೊಡೋಕೆ ಒಬ್ಬರು ಬೇಕು."

ಒಂದು ಕೈ ಕಟಕಟೆಯ ಮೇಲೆ, ಒಂದು ಕೈ ಊರುಗೋಲಿನ ಮೇಲೆ. ಪ್ರತಿ ಮೆಟ್ಟಿಲಿಗೂ ಎರಡು ಕಾಲನ್ನೂ ತಂದು ನಿಂತು ಉಸಿರು ತೆಗೆದುಕೊಂಡಳು. ಹದಿನಾರನೆಯ ಮೆಟ್ಟಿಲಲ್ಲಿ ಕೂತಳು. ನಾನು ಒಂದು ಮೆಟ್ಟಿಲು ಕೆಳಗೆ, ಅವಳು ಬಿದ್ದರೆ ನನ್ನ ಮೇಲೆ ಬೀಳುವ ಹಾಗೆ ನಿಂತಿದ್ದೆ. ಹೊಲಿಗೆಯಾಕೆ ಅಂಗಡಿಯಿಂದ ಎದ್ದು ಬಂದು, "ಅಕ್ಕಾ, ಕೊಡಿ ನಾನು ಹಾಕ್ತೀನಿ" ಎಂದಳು. ಬೇಡ ಎಂದು ತಲೆಯಾಡಿಸಿದಳು. ನಾನು ನಾಲ್ಕು ನಿಮಿಷದಲ್ಲಿ ಹೋಗುವ ದಾರಿಗೆ ನಲವತ್ತು ನಿಮಿಷ ಹಿಡಿಯಿತು.

ಬೀದಿಯ ಕೊನೆಯಲ್ಲಿ ಅಂಚೆ ಡಬ್ಬ. ಲಕೋಟೆ ತೆಗೆದು, ವಿಳಾಸ ಮತ್ತೊಮ್ಮೆ ಓದಿ, ಡಬ್ಬದ ಬಾಯೊಳಗೆ ಹಾಕಿದಳು. ಬಿದ್ದ ಸದ್ದು ಕೇಳಿಸಿತು.

ಹೊರಡುತ್ತಾಳೆಂದು ಕೈ ಕೊಟ್ಟೆ. ಅವಳು ಪಕ್ಕದ ಕಲ್ಲುಬೆಂಚನ್ನು ನೋಡುತ್ತಿದ್ದಳು.

"ಟಪಾಲು ಎಷ್ಟು ಗಂಟೆಗೆ ತೆಗೀತಾರೆ?"

"ಮೂರೂವರೆಗೆ."

"ಈಗೆಷ್ಟು?"

"ಎರಡೂಮುಕ್ಕಾಲು."

"ಕೂತಿರೋಣ" ಎಂದಳು.

ಕೂತೆವು. ಬಿಸಿಲು ನಮ್ಮ ಕಾಲ ಮೇಲಿನಿಂದ ಸರಿದು ಗೋಡೆಗೆ ಹೋಯಿತು. ಯಾರೋ ಒಬ್ಬರು ಬಂದು ಕಾಗದ ಹಾಕಿ ಹೋದರು, ಅವರನ್ನೂ ನೋಡಿದಳು. ಮೂರೂವರೆಗೆ ಎರಡು ನಿಮಿಷ ಇರುವಾಗ ಟಪಾಲಿನವನು ಬಂದ. ನನ್ನನ್ನು ಕಂಡು ಮಾತಿಗೆ ನಿಲ್ಲಲು ನೋಡಿದ. ಕೆಲಸ ನೋಡಪ್ಪ ಎಂದೆ. ಬೀಗ ತೆಗೆದ. ಒಳಗಿನದನ್ನೆಲ್ಲ ಚೀಲಕ್ಕೆ ಸುರಿದ. ಅವಳು ಕತ್ತು ಮುಂದೆ ಚಾಚಿ, ತನ್ನ ಲಕೋಟೆ ಚೀಲದೊಳಗೆ ಬೀಳುವವರೆಗೂ ಕಣ್ಣು ತೆಗೆಯಲಿಲ್ಲ. ಅವನು ಚೀಲದ ಬಾಯಿ ಕಟ್ಟಿ, ಸೈಕಲಿಗೆ ಏರಿಸಿ, ತಿರುವು ದಾಟಿ ಹೋದ ಮೇಲೆ ಊರುಗೋಲಿಗೆ ಕೈ ಹಾಕಿದಳು.